ಸುಶೀಲವ್ವ ಕೆಲಸಕ್ಕಿಟ್ಟ ಹೊಳೆವ್ವ

ಸುಶೀಲವ್ವನ ಕೈಗೆ ಮೆಣಸಿನಕಾಯಿ ಒಗ್ಗುತ್ತಿರಲಿಲ್ಲ. ಬ್ಯಾಡಗಿಯಲ್ಲಿ ಕೂಲಿ ಮಾಡಿ ಬದುಕಬೇಕಾದ ಹೆಣ್ಣುಮಗಳಿಗೆ ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿಲ್ಲ. ಸುಗ್ಗಿ ಬಂತೆಂದರೆ ನಮ್ಮೂರ ಗೋದಾಮುಗಳಲ್ಲಿ ಹೆಂಗಸರು ಸಾಲು ಹಿಡಿದು ಕುಳಿತು ಕಾಯಿಯ ತೊಟ್ಟು ಬಿಡಿಸುತ್ತಾರೆ. ತೊಟ್ಟಿಗೆ ನಾವು ತುಂಬು ಅನ್ನುತ್ತೇವೆ. ಮೂಗಿಗೆ ಸೆರಗು ಸುತ್ತಿ, ಬೆರಳಿಗೆ ಎಣ್ಣೆ ಸವರಿ, ಬೆಳಗಿನಿಂದ ಹೊತ್ತು ಇಳಿಯುವ ತನಕ ತುಂಬು ಮುರಿದರೆ ತೂಕದ ಮೇಲೆ ಕೂಲಿ. ಸುಶೀಲವ್ವನ ಬೆರಳು ಮಾತ್ರ ಮಧ್ಯಾಹ್ನದೊಳಗೆ ಊದಿಕೊಂಡು ಮಡಚಲು ಬಾರದಂತಾಗುತ್ತಿದ್ದವು. ಉಳಿದವರು ಚೀಲ ತುಂಬುವ ಹೊತ್ತಿಗೆ ಅವಳ ಬುಟ್ಟಿಯ ತಳ ಕಾಣುತ್ತಿತ್ತು.

ಅವಳು ಹಾವೇರಿಯವಳು. ತಂದೆ ಅರಳೆ ಮಿಲ್ಲಿನಲ್ಲಿ ಗಂಟು ಬಿಗಿಯುವ ಆಳು. ಮಗಳು ಮುಲ್ಕಿ ಪಾಸಾದಳು. ಆ ಕಾಲಕ್ಕೆ ಮುಲ್ಕಿ ಅಂದರೆ ಸಾಲಿ ಕಲಿಸುವ ಯೋಗ್ಯತೆ. ಆದರೆ ಬ್ಯಾಡಗಿಯ ಸೋದರಮಾವ ಮಗನಿಗೆ ಹೆಣ್ಣು ಕೇಳಲು ಬಂದ, ಕೊಟ್ಟರು. ಗಂಡ ಸೋಮಪ್ಪ ಅವಳ ಜೊತೆ ಬಾಳಿದ್ದು ಕಡಿಮೆ. ದಾವಣಗೆರೆಯಲ್ಲಿ ಇನ್ನೊಬ್ಬಳ ಮನೆ ಹಿಡಿದು ವರ್ಷಗಟ್ಟಲೆ ಇತ್ತ ಹೊರಳಿ ನೋಡಲಿಲ್ಲ. ಕೊನೆಗೆ ಲಕ್ವ ಹೊಡೆದು ಅರ್ಧ ಮೈ ಬಿದ್ದಾಗ ಯಾರೋ ಒಂದು ಟಾಂಗಾದಲ್ಲಿ ತಂದು ಅವಳ ಹೊಸ್ತಿಲಿಗೆ ಇಳಿಸಿ ಹೋದರು. ಓಣಿಯವರು, ತವರಿನವರು ಎಲ್ಲರೂ ಹೇಳಿದ್ದು ಒಂದೇ ಮಾತು: ಬಂದಾನ, ಒಳಗ ಕರಕೋ. ಕರೆದುಕೊಂಡಳು. ಅಂದಿನಿಂದ ಅವನ ಬಾಯಿಗೆ ಅನ್ನ ಇಡುವುದು, ಮೈ ತೊಳೆಯುವುದು, ಮಗ್ಗುಲು ಬದಲಿಸುವುದು ಅವಳ ಪಾಲಿಗೆ ಬಂತು. ಆ ಬಗ್ಗೆ ಅವಳು ಒಂದು ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಗೋದಾಮಿನಲ್ಲಿ ಅವಳಿಗೆ ಬೇರೆ ಕೆಲಸ ಹುಡುಕಿಕೊಟ್ಟವಳು ಹಾಜಿರಾಬಿ. ಕೈಯೂ ಚುರುಕು, ಬಾಯಿ ಅದಕ್ಕಿಂತ ಚುರುಕು.

"ಸುಶೀಲಕ್ಕಾ, ನೀ ತುಂಬು ಮುರದ್ರ ಮಾಲಕಗೂ ಲುಕ್ಸಾನು, ನಿನಗೂ ಲುಕ್ಸಾನು. ಓದಾಕ ಬರತೈತೆಲ್ಲ, ಕುಂತ ಕತಿ ಓದು. ನಾವೆಲ್ಲ ಒಂದೊಂದ ಬೊಗಸಿ ನಿನ್ನ ಬುಟ್ಟಿಗೆ ಹಾಕ್ತೇವಿ."

ಹೀಗೆ ಶುರುವಾಯಿತು. ಸುಶೀಲವ್ವ ಒಂದು ಖಾಲಿ ಚೀಲದ ಮೇಲೆ ಕುಳಿತು ಓದುವುದು, ಉಳಿದವರು ತುಂಬು ಬಿಡಿಸುತ್ತ ಕೇಳುವುದು, ಸಂಜೆ ತೂಕಕ್ಕೆ ಮುಂಚೆ ತಮ್ಮ ತಮ್ಮ ರಾಶಿಯಿಂದ ಬೊಗಸೆಯಷ್ಟು ಎತ್ತಿ ಅವಳ ಬುಟ್ಟಿಗೆ ಸುರಿಯುವುದು. ಗೋದಾಮಿನ ಮಾಲಕ ಮಾಲತೇಶಪ್ಪ ಮೊದಲು ಗೊಣಗಿದ. ಕಿವಿಗೆ ಕೆಲಸ ಸಿಕ್ಕರೆ ಬಾಯಿ ಸುಮ್ಮನಾಗುತ್ತದೆ, ಕೈ ಓಡುತ್ತದೆ ಎಂದು ಗೊತ್ತಾದ ಮೇಲೆ ತಾನೂ ಗಾದಿಯ ಮೇಲೆ ಕುಳಿತು ಕಿವಿಗೊಟ್ಟ.

ಪುಸ್ತಕ ಹೋಗುತ್ತಿದ್ದುದು ನನ್ನ ಅಂಗಡಿಯಿಂದ. ಬಸ್ ನಿಲ್ದಾಣದ ಹತ್ತಿರ ನಾನು ಬಾಡಿಗೆಗೆ ಕಾದಂಬರಿ ಕೊಡುತ್ತಿದ್ದೆ. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನು ನಾನು. ಆದರೂ ನನ್ನ ಅಂಗಡಿಯಲ್ಲಿ ನಾನು ಓದದ ಪುಸ್ತಕ ಒಂದೂ ಇರಲಿಲ್ಲ. ಯಾವ ಕತೆಯಲ್ಲಿ ಯಾರು ಎಲ್ಲಿ ಅಳುತ್ತಾರೆ ಎಂದು ಕೇಳಿದರೆ ಕಪಾಟಿನ ಕಡೆ ನೋಡದೆ ಹೇಳುತ್ತಿದ್ದೆ.

ಎಂಬತ್ತಾರನೆಯ ಇಸವಿಯ ಸುಗ್ಗಿಯಲ್ಲಿ ಸುಶೀಲವ್ವ ಒಯ್ದದ್ದು ಮೈಸೂರು ಕಡೆಯ ಒಬ್ಬ ಹೆಣ್ಣುಮಗಳು ಬರೆದ ದಪ್ಪ ಕಾದಂಬರಿ. ಮಂದಾಕಿನಿ ಎಂಬ ನಾಯಕಿ, ಡಾಕ್ಟರ ಗಂಡ, ಗಂಡನಿಗೆ ಹೆಂಡತಿಯ ಮೇಲೆ ಸಂಶಯ, ತುಂಬಿದ ಮನೆ. ಓದು ಶುರುವಾಗಿ ಒಂದು ವಾರ ಕಳೆದಿರಬೇಕು. ಎಲ್ಲರಿಗಿಂತ ಹಿರಿಯಳಾದ ಉಡಚವ್ವ ಕೈಯೆತ್ತಿ ಓದು ನಿಲ್ಲಿಸಿದಳಂತೆ. ಇದನ್ನು ನನಗೆ ಹೇಳಿದವಳು ಹಾಜಿರಾಬಿ.

"ತಡೀ ಸುಶೀಲಾ. ಆ ಮನ್ಯಾಗ ಹನ್ನೊಂದ ಮಂದಿ ಉಣ್ತಾರ. ಮುಸುರಿ ತಿಕ್ಕಾಕಿ ಯಾರು?"

ಸುಶೀಲವ್ವ ಹಾಳೆ ಹಿಂದೆ ಮುಂದೆ ಮಾಡಿ, "ಇನ್ನೂ ಬಂದಿಲ್ಲಬೇ" ಅಂದಳು.

"ಉಂಡ ಎದ್ದ ಹೋದ್ರ ಗಂಗಾಳ ತಾವ ತೊಳಕೊಂತಾವೇನು? ಮೈಸೂರಿನ ಗಂಗಾಳಕ್ಕ ಕೈಕಾಲು ಅದಾವೇನು?"

ಗೋದಾಮು ನಕ್ಕಿತು. ಮರುದಿನ ಸುಶೀಲವ್ವ ಪುಸ್ತಕ ತೆರೆದು, ಒಂದಿಷ್ಟು ಓದಿ, ಉಸಿರು ತೆಗೆದುಕೊಂಡು ಮುಂದುವರಿಸಿದಳು: "ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಹೊಳೆವ್ವ ಒಳಗೆ ಬಂದಳು."

"ಬಂದ್ಳು ನೋಡು!" ಎಂದು ಉಡಚವ್ವ ಸಮಾಧಾನದಿಂದ ಕಾಯಿಗೆ ಕೈ ಹಚ್ಚಿದಳು.

"ಮೈಸೂರಾಗ ಹೊಳೆವ್ವ ಅನ್ನೂ ಹೆಸರು ಎಲ್ಲಿಂದ ಬಂತು?" ಹಾಜಿರಾಬಿ ಬಿಡುವವಳಲ್ಲ.

"ಅಕಿ ಈ ಕಡಿಯಾಕಿನ. ಕುಮಾರಪಟ್ಟಣದ ಹೊಳಿ ದಂಡಿಯಾಕಿ. ಗಂಡ ಮನಿ ಬಿಡಿಸಿದ ಮ್ಯಾಲ ದುಡ್ಯಾಕ ಅಲ್ಲಿಗೆ ಹೋಗ್ಯಾಳ" ಅಂದಳು ಸುಶೀಲವ್ವ, ಕಣ್ಣು ಹಾಳೆಯ ಮೇಲಿಂದ ತೆಗೆಯದೆ.

ನನಗೆ ಇದು ಗೊತ್ತಾದದ್ದು ಪುಸ್ತಕದ ವಾಯಿದೆ ಮೀರಿ, ವಾಪಸು ಕೇಳಲು ಗೋದಾಮಿಗೆ ಹೋದಾಗ. ಘಾಟಿಗೆ ಸೀನು ತಡೆದುಕೊಂಡು ಬಾಗಿಲಲ್ಲಿ ನಿಂತೆ. ಓದು ನಡೆದಿತ್ತು. ಮಂದಾಕಿನಿ ದೇವರ ಮನೆಯಲ್ಲಿ ಅಳುತ್ತಿದ್ದಾಳೆ. ಆಗ ಹೊಳೆವ್ವ ಹೇಳುತ್ತಾಳೆ: "ಅಮ್ಮಾರ, ಅಳೂದಾದ್ರ ಒಲಿ ಮುಂದ ಕುಂತ ಅಳ್ರಿ, ಹೊಗಿ ಅಂತ ಸುಮ್ಮನಿರ್ತಾರ. ದೇವರ ಮುಂದ ಅತ್ರ ಕಾರಣ ಕೇಳ್ತಾರ."

ಗೋದಾಮಿನಲ್ಲಿ ಒಂದು ಸೀನೂ ಕೇಳಲಿಲ್ಲ. ಆ ಕಾದಂಬರಿಯನ್ನು ನಾನು ಎರಡು ಸಲ ಓದಿದ್ದೆ. ಅದರಲ್ಲಿ ಹೊಳೆವ್ವನೂ ಇರಲಿಲ್ಲ, ಈ ಮಾತೂ ಇರಲಿಲ್ಲ. ಆದರೆ ಸುಶೀಲವ್ವನ ಬೆರಳು ಸಾಲಿನ ಕೆಳಗೆ ಸರಿಯುತ್ತಿತ್ತು. ಹಾಳೆಯನ್ನು ಹೊತ್ತಿಗೆ ಸರಿಯಾಗಿ ಮಗುಚುತ್ತಿದ್ದಳು.

ಬುತ್ತಿ ಬಿಚ್ಚುವ ಹೊತ್ತಿಗೆ ಅವಳನ್ನು ಹೊರಗೆ ಕರೆದೆ.

"ಸುಶೀಲವ್ವ, ಈ ಹೊಳೆವ್ವ ಯಾರು?"

"ನೀವು ಓದೀರೇನ್ರಿ ಹಾಲೇಶಪ್ಪಣ್ಣ, ಆ ಪುಸ್ತಕ?"

"ಓದೇನಿ. ಅಕಿ ಇಲ್ಲ."

"ಇಲ್ರಿ." ಅವಳು ಅಂಜಲಿಲ್ಲ. "ಅಷ್ಟ ದೊಡ್ಡ ಮನಿ, ಕೆಲಸಕ್ಕ ಒಂದ ಆಳಿಲ್ಲ. ಅದಕ್ಕ ನಾನ ಒಬ್ಬಾಕಿನ್ನ ಇಟ್ಟೇನಿ."

"ಬರದಾಕಿ ಕೇಳಿದ್ರ?"

"ಅಕಿಗೂ ಉಪಕಾರ ಆತಲ್ರಿ."

ನಾನು ಪುಸ್ತಕ ಕೇಳದೆ ಹಿಂದಿರುಗಿದೆ. ಸುಗ್ಗಿ ಮುಗಿಯುವ ತನಕ ಇಟ್ಟುಕೋ ಅಂದೆ.

ಅಲ್ಲಿ ಕೇಳುವವರಲ್ಲಿ ಗುತ್ತೆವ್ವ ಅಂತ ಒಬ್ಬಳಿದ್ದಳು. ತವರು ಮೋಟೆಬೆನ್ನೂರು. ಗಂಡ ಫಕ್ಕೀರಪ್ಪ ಲಾರಿ ಡ್ರೈವರ. ಹುಬ್ಬಳ್ಳಿಯಲ್ಲಿ ಒಬ್ಬಳನ್ನು ಇಟ್ಟುಕೊಂಡು ಇವಳನ್ನು ತವರಿಗೆ ದಬ್ಬಿದ್ದ. ಅಣ್ಣಂದಿರ ಮನೆಯಲ್ಲಿ ತುತ್ತಿಗೊಂದು ಮಾತು ಕೇಳಿ ಸಾಕಾಗಿ ಅವಳು ಬ್ಯಾಡಗಿಗೆ ಬಂದು ಉಡಚವ್ವನ ಪಡಸಾಲೆಯಲ್ಲಿ ಮಲಗಿ ದುಡಿಯುತ್ತಿದ್ದಳು. ನಗುವವಳೂ ಅಲ್ಲ, ಅಳುವವಳೂ ಅಲ್ಲ. ಹೊಳೆವ್ವನ ಮಾತು ಬಂದಾಗ ಮಾತ್ರ ಅವಳ ಕೈ ಕಾಯಿಯ ಮೇಲೆ ನಿಂತುಬಿಡುತ್ತಿತ್ತು.

ಆ ನಿಂತ ಕೈಯನ್ನು ಸುಶೀಲವ್ವ ಕಂಡಳು. ಅಲ್ಲಿಂದ ಮುಂದೆ ಮಂದಾಕಿನಿಯ ಕತೆ ತೆಳ್ಳಗಾಗುತ್ತ, ಹೊಳೆವ್ವನದು ದಪ್ಪಗಾಗುತ್ತ ಹೋಯಿತು. ಹೊಳೆವ್ವ ಮುಸುರೆ ತಿಕ್ಕಿ ಒಂದು ಒಲೆ ಕೊಂಡಳು. ರೊಟ್ಟಿ ಬಡಿದು ಗಿರಣಿಯ ಆಳುಗಳಿಗೆ ಮಾರಿದಳು. ಹಬ್ಬಕ್ಕೆ ಒಂದು ಸೀರೆ ತಾನೇ ತೆಗೆದುಕೊಂಡಳು; ಅದರ ಬಣ್ಣ ಯಾವುದೆಂದು ಹೆಂಗಸರು ಜಗಳಾಡಿದರು. ಒಂದು ದಿನ ಅವಳನ್ನು ಬಿಟ್ಟ ಗಂಡ ಹುಡುಕಿಕೊಂಡು ಬಂದ. ಹೊಳೆವ್ವ ಬೈಯಲಿಲ್ಲ. ಮಣೆ ಹಾಕಿ ಹೊಟ್ಟೆ ತುಂಬ ಉಣ್ಣಿಸಿದಳು. ಅವನ ಗಂಗಾಳವನ್ನು ಉಳಿದವುಗಳ ಜೊತೆ ತೊಳೆದು ಬೋರಲು ಹಾಕಿ, "ಉಂಡಿ. ಇನ್ನ ನಿನ್ನ ದಾರಿ ಹಿಡಿ" ಅಂದಳು. ಅವತ್ತು ಗೋದಾಮಿನಲ್ಲಿ ಸುಶೀಲವ್ವನ ಬುಟ್ಟಿಗೆ ಎರಡೆರಡು ಬೊಗಸೆ ಬಿದ್ದವು ಎಂದು ಹಾಜಿರಾಬಿ ಹೇಳಿದಳು.

ಇದಾಗಿ ಸ್ವಲ್ಪ ದಿನಕ್ಕೆ ಫಕ್ಕೀರಪ್ಪ ನಿಜವಾಗಿಯೇ ಬಂದ. ಹುಬ್ಬಳ್ಳಿಯವಳು ಅವನನ್ನು ಬಿಟ್ಟಿದ್ದಳು. ಮನೆಯಲ್ಲಿ ಅವನ ತಾಯಿ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು. ಮೋಟೆಬೆನ್ನೂರಿನಲ್ಲಿ ಅಣ್ಣಂದಿರು ಹಿರಿಯರನ್ನು ಕೂಡಿಸಿದರು. ಎಲ್ಲರ ಬಾಯಲ್ಲೂ ಒಂದೇ: ತಾನಾಗಿ ಬಂದಾನ, ಹೋಗು. ಗುತ್ತೆವ್ವ ನೆಲ ನೋಡುತ್ತ ಹೇಳಿದಳು, "ನಾ ಒಲ್ಲೆರಿ."

"ಇದನ್ನ ನಿನಗ ಯಾರ ಕಲಿಸಿದ್ರು?" ಹಿರಿಯನೊಬ್ಬ ಗದರಿದ.

"ಯಾರೂ ಕಲಿಸಿಲ್ರಿ. ಮೈಸೂರಾಗ ಒಬ್ಬಾಕಿ ಹೀಂಗ ಮಾಡ್ಯಾಳ. ಛಾಪ ಆಗೇತಿ."

ಛಾಪಾದ, ಅಂದರೆ ಅಚ್ಚಾದ ಮಾತಿಗೆ ನಮ್ಮ ಜನ ಬಹಳ ಬೆಲೆ ಕೊಡುತ್ತಿದ್ದರು. ಹೆಬ್ಬೆಟ್ಟು ಒತ್ತುವ ಆ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯುಗಾದಿ ಕಳೆಯಲಿ, ಆಮೇಲೆ ನೋಡೋಣ ಎಂದು ಎದ್ದರು. ಗುತ್ತೆವ್ವ ಬಸ್ಸು ಹಿಡಿದು ಬ್ಯಾಡಗಿಗೆ ಬಂದಳು.

ಅಷ್ಟರಲ್ಲಿ ಸಿನಿಮಾ ಬಂತು. ಅದೇ ಕಾದಂಬರಿಯನ್ನು ಸಿನಿಮಾ ಮಾಡಿದ್ದರು. ರಾಣೆಬೆನ್ನೂರಿನ ಟಾಕೀಜಿಗೆ ಬಂದಿತ್ತು. ಪೋಸ್ಟರನ್ನು ನನ್ನ ಅಂಗಡಿಯ ಎದುರಿನ ಗೋಡೆಗೂ ಅಂಟಿಸಿ ಹೋದರು. ಆ ಸಂಜೆ ಸುಶೀಲವ್ವ ಅಂಗಡಿಗೆ ಬಂದಳು. ಪೋಸ್ಟರಿಗೆ ಬೆನ್ನು ಮಾಡಿ ನಿಂತಳು.

"ಹಾಲೇಶಪ್ಪಣ್ಣ, ಸಿನಿಮಾದವರು ಪುಸ್ತಕದಾಗ ಇದ್ದಷ್ಟ ತಗೀತಾರೇನ್ರಿ, ಹೆಚ್ಚು ಕಡಿಮಿ ಮಾಡ್ತಾರೇನ್ರಿ?"

"ಮನಸಿಗೆ ಬಂದಂಗ ಮಾಡ್ತಾರ. ನಾಕ ಹಾಡು, ಒಂದ ಹೊಡದಾಟ, ನಗಸಾಕ ಒಬ್ಬಾಂವ. ಪುಸ್ತಕದಾಗಿನ ಮಂದಿನ್ನ ಅರ್ಧಕ್ಕರ್ಧ ಕೈಬಿಡ್ತಾರ."

"ಹಂಗಾದ್ರ ಹೊಳೆವ್ವನ್ನೂ ಕೈಬಿಟ್ಟಾರ ಅಂತ ಹೇಳಬಹುದು." ಅವಳ ಮುಖಕ್ಕೆ ಸ್ವಲ್ಪ ಕಳೆ ಬಂತು. "ಗುತ್ತಿ ಅಕಿನ್ನ ನಂಬಿ ನಿಂತಾಳ್ರಿ. ನನ್ನ ನಂಬಿ ಅಲ್ಲ."

ಸಿನಿಮಾದ ಸುದ್ದಿ ಫಕ್ಕೀರಪ್ಪನ ಕಿವಿಗೂ ಬಿದ್ದಿತ್ತು. ಮಾಲತೇಶಪ್ಪನ ಮಾಲು ಹೇರಲು ಬಂದವನು ಗೋದಾಮಿನ ಬಾಗಿಲಲ್ಲಿ ನಿಂತು ಕೂಗಿದ.

"ಯವ್ವಗೋಳ್ರ್ಯಾ, ಅಮಾಸಿ ದಿನ ಲಾರಿ ಖಾಲಿ ಐತಿ. ಎಲ್ಲಾರೂ ಬರ್ರಿ, ರಾಣೆಬೆನ್ನೂರಿಗೆ ಒಯ್ತೇನಿ. ನನ್ನ ಹೇಣ್ತಿ ತಲಿ ಕೆಡಿಸಿದ ಆ ಹೊಳೆವ್ವನ್ನ ನಾನೂ ಒಮ್ಮಿ ನೋಡ್ತೇನಿ."

"ನೋಡು, ನೋಡು. ನೋಡಿ ಒಂದೀಟು ಬುದ್ಧಿ ಕಲಿ" ಅಂದಳು ಹಾಜಿರಾಬಿ. ನನ್ನನ್ನೂ ಬಿಡಲಿಲ್ಲ: "ಪುಸ್ತಕದ ಮಾಲಕರಿಲ್ಲದ ಹ್ಯಾಂಗ ಹೋಗೂದು? ಬರ್ರಿ ಅಣ್ಣಾ."

ಅಮಾವಾಸ್ಯೆ ಪೇಟೆಗೆ ರಜೆ. ಲಾರಿಯ ತೊಟ್ಟಿಯಲ್ಲಿ ತಾಡಪತ್ರಿ ಹಾಸಿ ಹೆಂಗಸರು ಕುಳಿತರು. ದಾರಿಯುದ್ದಕ್ಕೂ ಹೊಳೆವ್ವನ ಪಾತ್ರಕ್ಕೆ ಯಾರು ಬಂದಿರಬಹುದು, ಎತ್ತರ ಇದ್ದಾಳೋ ಗಿಡ್ಡ ಇದ್ದಾಳೋ ಎಂದು ವಾದ. ಸುಶೀಲವ್ವ ಕಂಬಿ ಹಿಡಿದು ಕುಳಿತಿದ್ದಳು. ಗುತ್ತೆವ್ವ ಹೊಸ ಬಳೆ ಇಟ್ಟುಕೊಂಡಿದ್ದಳು.

ಮ್ಯಾಟಿನಿ ಆಟ. ನಮ್ಮವರು ಮರದ ಉದ್ದನೆಯ ಬಾಕಿನ ಮೇಲೆ ಒಂದು ಸಾಲು ತುಂಬಿದರು. ಮೈಸೂರಿನ ಹಳೆಯ ಮನೆಯ ಬದಲು ಬಂಗಲೆ ಬಂದಿತ್ತು. ಮಂದಾಕಿನಿ ಬೆಟ್ಟದ ಮೇಲೆ ಹಾಡಿದಳು. ನಮ್ಮವರು ಅದನ್ನೆಲ್ಲ ಸಹಿಸಿಕೊಂಡರು. ಆಮೇಲೆ ಊಟದ ದೃಶ್ಯ ಬಂತು. ಎಲ್ಲರೂ ಉಂಡೆದ್ದರು. ಹಿತ್ತಲ ಬಾಗಿಲು ತೆರೆಯಿತು.

ಬಂದವಳು ಮೊಣಕಾಲ ತನಕ ಸೀರೆ ಎತ್ತಿಕಟ್ಟಿದ್ದಳು. ಹಣೆಯ ತುಂಬ ಕುಂಕುಮ. ಬಾಯಿ ತೆರೆದರೆ ನಮ್ಮ ಕಡೆಯ ಮಾತು. ಆದರೆ ಅದನ್ನು ಎಳೆದು ತಿರುಚಿ ಆಡುತ್ತಿದ್ದಳು, ನಗೆ ಬರಲಿ ಎಂದು. ಹೆಸರು ರಂಗಿ. ಗಂಗಾಳ ಕೈಜಾರಿ ಬಿದ್ದವು. ಡೊಳ್ಳು ಹೊಟ್ಟೆಯ ಅಡುಗೆಯವ ಅವಳ ಬೆನ್ನು ಹತ್ತಿದ. ಅವಳು ಜಾರಿ ಬಿದ್ದು ಕಣ್ಣು ಹೊಡೆದಳು. ಟಾಕೀಜು ಹೋ ಎಂದಿತು.

ಆ ಮನೆಯ ಮುಸುರೆ ಸಿನಿಮಾದವರ ಕಣ್ಣಿಗೂ ಬಿದ್ದಿತ್ತು. ಅವರೂ ಒಬ್ಬಳನ್ನು ಕೆಲಸಕ್ಕೆ ಇಟ್ಟಿದ್ದರು. ನಗಿಸುವುದಕ್ಕೆ ಇಟ್ಟಿದ್ದರು.

ಹಾಜಿರಾಬಿ ಎದ್ದು ನಿಂತು ಪರದೆಗೆ ಕೈ ಮಾಡಿದಳು. "ಏ! ಇಕಿ ಅಲ್ಲ! ಹೊಳೆವ್ವ ಇಕಿ ಅಲ್ಲ!"

"ಕುಂದರಬೇ, ಕಾಣವಲ್ದು!" ಹಿಂದಿನಿಂದ ಕೂಗು ಬಂತು.

ಫಕ್ಕೀರಪ್ಪ ನಕ್ಕು ನಕ್ಕು ಕಣ್ಣೊರೆಸಿಕೊಂಡ. "ಇಕಿನ ಏನು ನಿಮ್ಮ ಹೊಳೆವ್ವ? ಇಕಿ ಮಾತು ಕೇಳಿ ನನ್ನ ಹೇಣ್ತಿ ಹಿರ್ಯಾರ ಮುಂದ ನಿಂತ್ಳೇನು?"

ಗುತ್ತೆವ್ವ ಗೋದಾಮಿನಲ್ಲಿ ಸುತ್ತಿಕೊಳ್ಳುವಂತೆ ಸೆರಗನ್ನು ಮೂಗಿನ ತನಕ ಎಳೆದುಕೊಂಡು ಕುಳಿತಳು. ಸುಶೀಲವ್ವ ಪರದೆ ನೋಡುತ್ತಿರಲಿಲ್ಲ, ಗುತ್ತೆವ್ವನನ್ನು ನೋಡುತ್ತಿದ್ದಳು.

ಬರುವಾಗ ಮೋಟೆಬೆನ್ನೂರಿನ ಹತ್ತಿರ ಚಹಾಕ್ಕೆ ಲಾರಿ ನಿಂತಿತು. ಹೆಂಗಸರ ಸಿಟ್ಟು ಇನ್ನೂ ಇಳಿದಿರಲಿಲ್ಲ. "ಸಿನಿಮಾದವರು ಕೆಡಿಸ್ಯಾರ. ಪುಸ್ತಕದಾಗ ಅಕಿ ಹಂಗಿಲ್ಲ" ಎಂದು ಉಡಚವ್ವ ಹೇಳಿದ್ದೇ ಹೇಳಿದಳು.

ಫಕ್ಕೀರಪ್ಪ ಚಹಾದ ಬಶಿ ಕೆಳಗಿಟ್ಟ. "ಹಂಗಾದ್ರ ಪುಸ್ತಕ ತರ್ರಿ. ನನಗೂ ಅಕ್ಷರ ಬರ್ತಾವ. ಹೊಳೆವ್ವ ಗಂಡಗ ಉಣಿಸಿ ಕಳಿಸಿದ್ದು ಛಾಪ ಆಗಿದ್ರ, ನಾ ಇನ್ನ ಇವಳ ಕಡೆ ಹಾಯಂಗಿಲ್ಲ. ಆಗಿಲ್ಲಂದ್ರ ಇವಳು ನನ್ನ ಲಾರಿ ಹತ್ತಬೇಕು. ಆದೀತಿಲ್ಲೋ?"

ಯಾರೂ ಬಾಯಿ ತೆರೆಯುವ ಮೊದಲೇ ಗುತ್ತೆವ್ವ, "ಆತು" ಅಂದಳು.

ಸುಶೀಲವ್ವ ಅರ್ಧ ಕುಡಿದ ಚಹಾ ಚೆಲ್ಲಿ ಲಾರಿ ಹತ್ತಿದಳು.

ಮರುದಿನ ಅವಳು ಬೆಳಗಾಗುತ್ತಲೇ ಪುಸ್ತಕ ಹಿಡಿದು ನನ್ನ ಅಂಗಡಿಗೆ ಬಂದಳು. ನಾನು ಬಾಗಿಲು ತೆಗೆಯುತ್ತಿದ್ದೆ. ಬಾಕಿನ ಮೇಲೆ ಕುಳಿತಳು.

"ಪುಸ್ತಕ ಕಳದೈತಿ ಅಂತ ಹೇಳ್ರಿ ಅನ್ನಾಕ ಬಂದಿದ್ದೆ" ಅಂದಳು. "ದಾರ್ಯಾಗ ಬರೂತನಕ ಅದ ಮನಸಿನ್ಯಾಗಿತ್ತು. ಬ್ಯಾಡ್ರಿ. ಆಂವ ಕೇಳಿದ್ರ ಕೊಡ್ರಿ."

"ಅವನು ಅಕಿನ್ನ ಎಳಕೊಂಡ ಹೋಗ್ತಾನ."

"ಕಳದೈತಿ ಅಂದ್ರ ಇನ್ನೊಂದ ಕಡೆಯಿಂದ ತರ್ತಾನ. ಗುತ್ತಿ ಯಾವತ್ತಿದ್ರೂ ಓದಿಸಿ ಕೇಳಾಕಿನ."

ಫಕ್ಕೀರಪ್ಪ ಬಂದ. ಪುಸ್ತಕ ತೆಗೆದುಕೊಂಡು ಹೋಗಲಿಲ್ಲ, ಅದೇ ಬಾಕಿನ ಮೇಲೆ ಕುಳಿತು ಸಾಲಿನ ಕೆಳಗೆ ಬೆರಳಿಟ್ಟು ಓದತೊಡಗಿದ. ತುಟಿ ಅಲುಗುತ್ತಿದ್ದವು. ಡಾಕ್ಟರನು ಹೆಂಡತಿಯ ಟ್ರಂಕು ಶೋಧಿಸುವ ಜಾಗಕ್ಕೆ ಬಂದಾಗ, "ಹಲ್ಕಟ್ ಅದಾನ ಇಂವ" ಎಂದು ತನ್ನಷ್ಟಕ್ಕೆ ಬೈದ. ಲಾರಿಯ ಬಾಡಿಗೆ ಬಿಟ್ಟು ಮರುದಿನವೂ ಬಂದು ಕುಳಿತು, ಮಧ್ಯಾಹ್ನಕ್ಕೆ ಕೊನೆಯ ಹಾಳೆ ಮಗುಚಿದ. "ಮಾಲಕರ, ನೀವೂ ನಡೀರಿ" ಅಂದ.

ಗೋದಾಮಿನಲ್ಲಿ ರಾಶಿಯ ನಡುವೆ ಪುಸ್ತಕ ಇಟ್ಟ. "ತೋರಸ್ರಿ. ಎಲ್ಲ್ಯದಾಳ ಹೊಳೆವ್ವ?"

ಹೆಂಗಸರೆಲ್ಲ ಸುಶೀಲವ್ವನ ಕಡೆ ನೋಡಿದರು. ಅವಳು ಕುಳಿತಲ್ಲಿಂದ ಎದ್ದಳು.

"ಪುಸ್ತಕದಾಗ ಇಲ್ಲ. ಅಕಿನ್ನ ನಾ ಇಟ್ಟಾಕಿ."

ಯಾರೋ ಸೀನಿದರು.

"ಒಲಿ ಮುಂದ ಅಳ್ರಿ ಅಂದದ್ದು?" ಉಡಚವ್ವ ಕೇಳಿದಳು.

"ಅದೂ ನಂದ."

"ರೊಟ್ಟಿ? ಆ ಹಸರ ಸೀರಿ?"

"ಎಲ್ಲಾ ನಂದ, ಯವ್ವಾ."

"ತೋಬಾ ತೋಬಾ" ಎಂದು ಹಾಜಿರಾಬಿ ತಲೆಗೆ ಕೈ ಹಚ್ಚಿದಳು. "ನಾ ಆ ಸೀರಿಗೆ ಎಷ್ಟ ಜಗಳಾ ಮಾಡೇನಿ!"

ಯಾರೂ ನಗಲಿಲ್ಲ. ಗುತ್ತೆವ್ವ ಎದ್ದು ಬಂದು ಸುಶೀಲವ್ವನ ಎದುರು ನಿಂತಳು.

"ನಾ ಹಿರ್ಯಾರ ಮುಂದ ಹೇಳಿದೆ ಅಕ್ಕಾ. ಛಾಪ ಆಗೇತಿ ಅಂತ ಎದಿಮ್ಯಾಲ ಕೈ ಇಟ್ಟ ಹೇಳಿದೆ."

"ಹೌದವ್ವಾ."

"ನಿನ್ನ ಗಂಡ ತಿರುಗಿ ಬಂದಾಗ ನೀ ಏನ್ ಮಾಡ್ದಿ? ಒಳಗ ಕರಕೊಂಡಿ. ಇವತ್ತಿಗೂ ಅವನ ಹೇಲು ಬಳೀತಿ. ನನಗ್ಯಾಕ ಇದನ್ನ ಓದಿದಿ?"

ಆ ಮಾತು ಬಹಳ ಕ್ರೂರವಾಗಿತ್ತು. ಸುಶೀಲವ್ವ ತಡೆದು ತಡೆದು ಹೇಳಿದಳು.

"ನನಗ ಯಾರೂ ಓದಿ ಹೇಳಿರಲಿಲ್ಲ, ಗುತ್ತಿ."

ಫಕ್ಕೀರಪ್ಪ ಕೀಲಿಕೈ ಕುಲುಕಿದ. "ಮುಗೀತಿಲ್ಲೋ? ಮಾತು ಮಾತ. ನಡಿ, ಲಾರಿ ಹತ್ತು."

ಗುತ್ತೆವ್ವ ಅವನ ಕಡೆ ತಿರುಗಿದಳು. ನೆಲ ನೋಡಲಿಲ್ಲ.

"ಪೂರಾ ಓದಿದೇನು ನೀ?"

"ಒಂದ ಅಕ್ಷರ ಬಿಟ್ಟಿಲ್ಲ."

"ಆ ಮನ್ಯಾಗ ಮುಸುರಿ ತಿಕ್ಕಾಕಿ ಯಾರು?"

"ಯಾರೂ ಇಲ್ಲ."

"ನಿನ್ನ ಮನ್ಯಾಗ?"

ಅವನು ಬಾಗಿಲಾಚೆಯ ಲಾರಿಯ ಕಡೆ ನೋಡಿದ.

"ಅದಕ್ಕ ಬಂದೀದಿ ನೀ. ಆ ಮನಿಗೆ ಸುಶೀಲಕ್ಕ ಒಬ್ಬಾಕಿನ್ನ ಇಟ್ಟಳು. ನೀನೂ ಒಬ್ಬಾಕಿನ್ನ ಇಟಗೋ. ನಾ ಬರಂಗಿಲ್ಲ."

"ಮಾತ ಕೊಟ್ಟೀದಿ ನೀ!"

"ಹೊಳೆವ್ವ ಅದಾಳ ಅಂತ ಕೊಟ್ಟಿದ್ದೆ. ಅಕೀನ ಇಲ್ಲಂದ ಮ್ಯಾಲ ಆ ಮಾತ ಎಲ್ಲಿಂದ ಇರತೈತಿ? ಹೊಳೆವ್ವ ನಿನ್ನಂಥಾವಗ ಉಣ್ಣಾಕರೇ ಹಾಕಿದ್ಳು. ನಾ ಅದನ್ನೂ ಹಾಕಂಗಿಲ್ಲ. ಹೋಗು."

ಅವನು ಮಾಲತೇಶಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಒಬ್ಬರೂ ಅವನ ಪರ ಮಾತಾಡಲಿಲ್ಲ. ಲಾರಿ ಚಾಲೂ ಆದ ಸದ್ದು ಕೇಳಿಸಿತು. ಗುತ್ತೆವ್ವ ತನ್ನ ಜಾಗಕ್ಕೆ ಹೋಗಿ ಕುಳಿತಳು, ಆದರೆ ಸುಶೀಲವ್ವನಿಗೆ ಬೆನ್ನು ಕೊಟ್ಟು.

ಇದು ಇಲ್ಲಿಗೆ ಸುಖವಾಗಿ ಮುಗಿಯಿತೆಂದು ಯಾರೂ ತಿಳಿಯಬಾರದು. ಅಣ್ಣಂದಿರು ಗುತ್ತೆವ್ವನಿಗೆ ತವರಿನ ಬಾಗಿಲು ಮುಚ್ಚಿದರು. ನಾಗರ ಪಂಚಮಿಗೂ ಕರೆಯಲಿಲ್ಲ. ಹಿರಿಯರು ತಮಗೆ ಮೋಸವಾಯಿತೆಂದು ಮಾಲತೇಶಪ್ಪನ ಗಾದಿಗೆ ಬಂದು ಕೂಗಾಡಿದರು. ನಾಲ್ಕು ಮಂದಿಯ ಬಾಯಿಗೆ ಅಂಜಿ ಅವನು ಗೋದಾಮಿನಲ್ಲಿ ಓದು ನಿಲ್ಲಿಸಿದ. ಸುಶೀಲವ್ವ ಆಮೇಲೆ ಗೋದಾಮು ಗುಡಿಸಿ ಉದುರಿದ ಬೀಜ ಹಸನು ಮಾಡುವ ಕೆಲಸಕ್ಕೆ ನಿಂತಳು. ಅದಕ್ಕೆ ಕೂಲಿ ಕಡಿಮೆ, ಘಾಟು ಹೆಚ್ಚು. ಅವಳ ಕೆಮ್ಮು ಶುರುವಾದದ್ದು ಆಗಲೇ.

ಗುತ್ತೆವ್ವ ಅವಳ ಜೊತೆ ಮುಂದಿನ ಸುಗ್ಗಿಯ ತನಕ ಮಾತಾಡಲಿಲ್ಲ. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ. ಆದರೆ ಸುಶೀಲವ್ವ ಇಲ್ಲದವಳನ್ನು ಇದ್ದಾಳೆಂದು ನಂಬಿಸಿದ್ದಳಲ್ಲ ಎಂಬ ನೋವು ಬೇರೆ. ಒಂದು ದಿನ ಸೋಮಪ್ಪನ ಬೆನ್ನ ಹುಣ್ಣು ಒಡೆದು ಸುಶೀಲವ್ವ ಒಬ್ಬಳೇ ಅವನನ್ನು ಹೊರಳಿಸಲಾರದೆ ಒದ್ದಾಡುವಾಗ ಗುತ್ತೆವ್ವ ಬಾಗಿಲಿಗೆ ಬಂದಳು. ಇನ್ನೊಂದು ಬದಿಗೆ ಕೈ ಹಚ್ಚಿದಳು. ಸೋಮಪ್ಪ ಸಾಯುವ ತನಕ ದಿನಾ ಸಂಜೆ ಬಂದು ಕೈ ಹಚ್ಚಿದಳು.

ನಾನು ಸುಶೀಲವ್ವನಿಗೆ ಎಷ್ಟೋ ಸಲ ಹೇಳಿದೆ, ಹೊಳೆವ್ವನ ಕತೆ ಬರೆದಿಡು, ನಾನು ಧಾರವಾಡಕ್ಕೆ ಒಯ್ದು ಮುದ್ರಿಸುವವರಿಗೆ ತೋರಿಸುತ್ತೇನೆ ಎಂದು. ಅವಳು ಕೈಯಾಡಿಸಿ ಬಿಡುತ್ತಿದ್ದಳು. "ಬ್ಯಾಡ್ರಿ. ಛಾಪ ಆದ್ರ ಸಿನಿಮಾದವರ ಕಣ್ಣಿಗೆ ಬೀಳ್ತಾಳ. ಸೀರಿ ಎತ್ತಿ ಕಟ್ಟಿ ಕುಣಸ್ತಾರ." ತೊಂಬತ್ತಾರರ ಮಳೆಗಾಲಕ್ಕೆ ಅವಳು ತೀರಿಕೊಂಡಳು. ಹಾಜಿರಾಬಿ, ಉಡಚವ್ವ, ಗೋದಾಮಿನ ಹಳಬರೆಲ್ಲ ಬಂದಿದ್ದರು. ಮಣ್ಣು ಕೊಟ್ಟು ಬರುವಾಗ ಗುತ್ತೆವ್ವ ನನ್ನ ಪಕ್ಕದಲ್ಲಿ ನಡೆಯುತ್ತಿದ್ದಳು. ಆಗ ಅವಳನ್ನೇ ಕೇಳಿದೆ.

"ಸುಶೀಲವ್ವನ ಬಗ್ಗೆ ಬರೀಬೇಕು ಅಂತ ಮಾಡೇನಿ. ನಿನ್ನ ಮಾತೂ ಬರತೈತಿ. ಹೆಸರ ಬದಲಿ ಮಾಡಲೇನು?"

ಗುತ್ತೆವ್ವ ಹೆಜ್ಜೆ ನಿಧಾನ ಮಾಡಿದಳು.

"ಯಾಕ ಬದಲಿ ಮಾಡ್ತೀರಿ? ನನ್ನ ಹೆಸರ ಹಾಕ್ರಿ. ಹೊಳೆವ್ವ ಇರಲಿಲ್ಲ ಅಂತ ಎಲ್ಲಾರೂ ಅಂದ್ರಲ್ಲ. ನಾ ಇದ್ದೇನಿ. ಊರ ಹೆಸರೂ ಹಾಕ್ರಿ." ಮತ್ತೆ ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತಳು. "ಆ ಫಕ್ಕೀರಪ್ಪನ ಹೆಸರೂ ಬಿಡಬ್ಯಾಡ್ರಿ ಮತ್ತ. ಆಂವಗೂ ಓದಾಕ ಬರತೈತಿ."